ಎಣ್ಣೆ ಕುಡಿದ ಚಿಂದಿ: ಮನೆಯ ಗ್ಯಾರೇಜಿನ ಮೂಲೆಯಲ್ಲೊಂದು ಅಪಾಯ

ಬೆಂಗಳೂರು: ವಾಹನ ದುರಸ್ತಿ ಎಂದೊಡನೆ ಕಣ್ಣ ಮುಂದೆ ಬರುವುದು ಸ್ಪಾನರು, ಜಾಕು, ಗ್ರೀಸು ಮೆತ್ತಿದ ಕೈಗಳು. ಆ ಕೈಗಳನ್ನು ಒರೆಸಿದ ಚಿಂದಿ ಬಟ್ಟೆ ಆಮೇಲೆ ಎಲ್ಲಿ ಹೋಯಿತೆಂದು ಯಾರೂ ಕೇಳುವುದಿಲ್ಲ. ಅದು ಸಾಮಾನ್ಯವಾಗಿ ಕಿಟಕಿಯ ಸರಳಿನಲ್ಲಿ ಸಿಕ್ಕಿಕೊಂಡಿರುತ್ತದೆ, ಉಪಕರಣಗಳ ಪೆಟ್ಟಿಗೆಯ ತಳದಲ್ಲಿ ಮುದ್ದೆಯಾಗಿ ಬಿದ್ದಿರುತ್ತದೆ, ಇಲ್ಲವೇ ಪ್ಯಾಂಟಿನ ಹಿಂದಿನ ಜೇಬಿನಿಂದ ಇಣುಕುತ್ತಿರುತ್ತದೆ. ಕೆಲಸ ಮುಗಿಸಿ ಕಳಚಿದ ಅಂಗಿ ಮಾತ್ರ ನೇರವಾಗಿ ಮನೆಯೊಳಗೆ ನಡೆದು, ಮಕ್ಕಳ ಸಮವಸ್ತ್ರವಿರುವ ಬಟ್ಟೆಬುಟ್ಟಿಯನ್ನೇ ಸೇರುತ್ತದೆ.

ರಾಜಧಾನಿಯ ಪೂರ್ವ ಭಾಗಕ್ಕೆ ಈ ವಿಷಯ ಹೆಚ್ಚು ಹತ್ತಿರದ್ದು. 1809ರಲ್ಲಿ ದಂಡು ಸ್ಥಾಪನೆಯಾದ ದಿನದಿಂದಲೂ ಇಲ್ಲಿ ಮನೆ ಮತ್ತು ಕಾರ್ಯಾಗಾರ ಅಕ್ಕಪಕ್ಕದಲ್ಲೇ ಬೆಳೆದಿವೆ. ಶಿವಾಜಿನಗರದಲ್ಲಿ ಗುಜರಿ ಅಂಗಡಿ ಕೆಳಗೆ, ಸಂಸಾರ ಮೇಲೆ. ಹಲಸೂರಿನ ಹಳೆಯ ಬೀದಿಗಳಲ್ಲಿ ಸ್ಕೂಟರು ಬಿಚ್ಚುವವನ ಮಣೆಗೂ ಪಕ್ಕದ ಮನೆಯ ರಂಗೋಲಿಗೂ ನಡುವೆ ಮೂರಡಿ ಅಂತರ. ಇನ್ನು ಎಚ್‌ಎಎಲ್ (1940), ದೂರವಾಣಿನಗರದ ಐಟಿಐ (1948), ಈಗ ಬಾಗಿಲು ಮುಚ್ಚಿರುವ ಬೈಯಪ್ಪನಹಳ್ಳಿಯ ಎನ್‌ಜಿಇಎಫ್ ಮುಂತಾದ ಕಾರ್ಖಾನೆಗಳು ಕೈಕೆಲಸ ಬಲ್ಲ ಹಲವು ತಲೆಮಾರುಗಳನ್ನು ಇಂದಿರಾನಗರದಿಂದ ಕೆ.ಆರ್. ಪುರದವರೆಗೆ ನೆಲೆಗೊಳಿಸಿದವು. ನಿವೃತ್ತರ ಮನೆಯ ಹಿಂದೆ ಒಂದು ಶೆಡ್ಡು, ಅದರಲ್ಲೊಂದು ವೈಸು, ಹಳೆಯ ಯೆಜ್ಡಿ ಬೈಕು ಇರುವುದು ಇಲ್ಲಿ ಅಪರೂಪದ ದೃಶ್ಯವಲ್ಲ. ಮೈಸೂರಿನ ಐಡಿಯಲ್ ಜಾವಾ ಕಾರ್ಖಾನೆ 1996ರಲ್ಲಿ ಮುಚ್ಚಿದರೂ ಅದರ ಗಾಡಿಗಳನ್ನು ಮನೆಯಲ್ಲೇ ಬಿಚ್ಚಿ ಜೋಡಿಸುವ ಹವ್ಯಾಸಿಗಳ ಉತ್ಸಾಹ ಮುಚ್ಚಿಲ್ಲ.

ಕಾರ್ಖಾನೆಯಲ್ಲಿ ಚಿಂದಿಗೂ ಒಂದು ಲೆಕ್ಕವಿರುತ್ತದೆ. ವಿಮಾನ ದುರಸ್ತಿಯಂಥ ಕೆಲಸದಲ್ಲಂತೂ ಒರೆಸುವ ಬಟ್ಟೆಯನ್ನೂ ಉಪಕರಣದಂತೆಯೇ ಎಣಿಸಿ ಕೊಟ್ಟು, ಎಣಿಸಿ ಹಿಂದಕ್ಕೆ ಪಡೆಯುವ ಶಿಸ್ತುಂಟು. ಎಂಜಿನ್ನಿನೊಳಗೆ ಒಂದು ತುಂಡು ಬಟ್ಟೆ ಉಳಿದರೂ ಅನಾಹುತವೆಂಬುದು ಅದಕ್ಕೆ ಕಾರಣ. ಮನೆಯ ಶೆಡ್ಡಿಗೆ ಬಂದ ಮೇಲೆ ಆ ಶಿಸ್ತು ಮರೆತುಹೋಗುತ್ತದೆ.

ಚಿಂದಿಯ ಜಾತಕ

ಗ್ಯಾರೇಜಿನವರ ಮಾತಿನಲ್ಲಿ ಇದಕ್ಕೆ ‘ವೇಸ್ಟು’ ಎಂದೇ ಹೆಸರು. ಗಿರಣಿಯಲ್ಲಿ ಉಳಿದ ನೂಲಿನ ಗೋಜಲು ಕಾಟನ್ ವೇಸ್ಟ್. ತಿರುಪ್ಪೂರಿನಂಥ ಊರುಗಳ ಹೊಸೈರಿ ಕಾರ್ಖಾನೆಗಳಲ್ಲಿ ಕತ್ತರಿಸಿ ಉಳಿದ ಚೂರು ಬನಿಯನ್ ವೇಸ್ಟ್. ಎರಡೂ ಕಿಲೋ ಲೆಕ್ಕದಲ್ಲಿ ಮಾರಾಟವಾಗುತ್ತವೆ. ಬಿಳಿಯದಕ್ಕೆ ಬೆಲೆ ಹೆಚ್ಚು, ಬಣ್ಣದ್ದಕ್ಕೆ ಕಡಿಮೆ. ಮನೆಗಳಲ್ಲಿ ಹಳೆಯ ಪಂಚೆ, ಹರಿದ ಬನಿಯನ್ನು, ಸವೆದ ಟವಲು ಈ ಕೆಲಸಕ್ಕೆ ಬರುತ್ತವೆ. ಹತ್ತಿಯಾದರೆ ಒಳ್ಳೆಯದು. ಪಾಲಿಯೆಸ್ಟರ್ ಬಟ್ಟೆ ಎಣ್ಣೆಯನ್ನು ಹೀರುವುದಕ್ಕಿಂತ ಹರಡುವುದೇ ಹೆಚ್ಚು, ಉಜ್ಜಿದಾಗ ಸ್ಥಿರವಿದ್ಯುತ್ತನ್ನೂ ಹುಟ್ಟಿಸುತ್ತದೆ. ಪೆಟ್ರೋಲಿನ ಹತ್ತಿರ ಅದು ಬೇಡ.

ಹತ್ತಿಯ ಎಳೆಗೆ ಏನು ಕೊಟ್ಟರೂ ಕುಡಿಯುವ ಗುಣವಿದೆ. ಹಾಗೆ ಕುಡಿದ ಮೇಲೆ ಅದನ್ನು ಕೊಳೆಬಟ್ಟೆಯೆಂದು ಕರೆಯುವುದು ತಪ್ಪು. ಅದು ತಾನು ಕುಡಿದ ವಸ್ತುವನ್ನು ಹೊತ್ತು ಕೂತ ಪಾತ್ರೆ. ಪೆಟ್ರೋಲು ಕುಡಿದಿದ್ದರೆ ಪೆಟ್ರೋಲಿನ ಪಾತ್ರೆ, ಸೀಸದ ಪುಡಿ ಹಿಡಿದಿದ್ದರೆ ಸೀಸದ ಪಾತ್ರೆ. ಎಲ್ಲ ಚಿಂದಿಯನ್ನೂ ಒಂದೇ ಮೂಲೆಗೆ ಎಸೆಯುವ ಅಭ್ಯಾಸವೇ ಮೊದಲ ತಪ್ಪು. ಯಾವುದು ಏನನ್ನು ಕುಡಿದಿದೆ ಎಂದು ತಿಳಿದು ಬೇರೆ ಬೇರೆ ಇಡುವುದರಿಂದಲೇ ಉಳಿದೆಲ್ಲ ಎಚ್ಚರಿಕೆ ಶುರುವಾಗುತ್ತದೆ.

ತಾನೇ ಹೊತ್ತಿಕೊಳ್ಳುವ ಬಟ್ಟೆ

ಗ್ಯಾರೇಜಿನಲ್ಲಿ ಅತ್ಯಂತ ಅಪಾಯಕಾರಿ ಚಿಂದಿ ಯಾವುದು ಎಂದು ಕೇಳಿದರೆ ಬಹಳ ಮಂದಿ ಕಪ್ಪು ಎಂಜಿನ್ ಆಯಿಲ್ ಮೆತ್ತಿದ ಬಟ್ಟೆಯನ್ನು ತೋರಿಸುತ್ತಾರೆ. ಬೆಂಕಿಯ ಮಟ್ಟಿಗೆ ಹೇಳುವುದಾದರೆ ಅದು ಸರಿಯಲ್ಲ. ಎಂಜಿನ್ ಆಯಿಲ್ ಖನಿಜತೈಲ. ಅದು ಉರಿಯುತ್ತದೆ, ಆದರೆ ಸಾಮಾನ್ಯ ಹವೆಯಲ್ಲಿ ತಾನಾಗಿ ಬಿಸಿಯೇರುವುದಿಲ್ಲ. ತಾನಾಗಿ ಬಿಸಿಯೇರುವುದು ನೋಡಲು ಸಾಧುವಾದ, ಕೆಟ್ಟ ವಾಸನೆಯೂ ಇಲ್ಲದ ಇನ್ನೊಂದು ಬಟ್ಟೆ: ಅಗಸೆ ಎಣ್ಣೆಯಲ್ಲಿ ಅದ್ದಿ ಮರಕ್ಕೆ ಪಾಲಿಷ್ ಮಾಡಿದ ಚಿಂದಿ.

ಅಗಸೆ ನಮಗೆ ಹೊಸದಲ್ಲ. ಉತ್ತರ ಕರ್ನಾಟಕದ ಊಟದಲ್ಲಿ ಅಗಸಿ ಚಟ್ನಿಪುಡಿಗೆ ಅದರದೇ ಸ್ಥಾನವಿದೆ. ಅದೇ ಬೀಜದ ಎಣ್ಣೆಯನ್ನು ಹಾರ್ಡ್‌ವೇರ್ ಅಂಗಡಿಗಳಲ್ಲಿ ಲಿನ್ಸೀಡ್ ಆಯಿಲ್ ಎಂದು ಮಾರುತ್ತಾರೆ. ತೇಗದ ಬಾಗಿಲಿಗೆ, ಹಳೆಯ ಕುರ್ಚಿಗೆ, ಕ್ರಿಕೆಟ್ ಬ್ಯಾಟಿಗೆ ಅದನ್ನು ತಿಕ್ಕುವುದುಂಟು. ಅನೇಕ ಎಣ್ಣೆಬಣ್ಣ ಮತ್ತು ವಾರ್ನಿಷ್‌ಗಳಲ್ಲಿಯೂ ಈ ಜಾತಿಯ ಎಣ್ಣೆ ಸೇರಿರುತ್ತದೆ. ಇವನ್ನು ಒಣಗುವ ಎಣ್ಣೆಗಳೆನ್ನುತ್ತಾರೆ. ಒಣಗುವುದೆಂದರೆ ಇಲ್ಲಿ ನೀರಿನಂತೆ ಆವಿಯಾಗುವುದಲ್ಲ; ಗಾಳಿಯ ಆಮ್ಲಜನಕವನ್ನು ಎಳೆದುಕೊಂಡು ಗಟ್ಟಿಯಾಗುವುದು. ಈ ರಾಸಾಯನಿಕ ಕ್ರಿಯೆಯಲ್ಲಿ ಶಾಖ ಹುಟ್ಟುತ್ತದೆ.

ಬಾಗಿಲಿಗೆ ಹಚ್ಚಿದ ತೆಳುಪದರದಲ್ಲಿ ಹುಟ್ಟಿದ ಶಾಖ ಗಾಳಿಯಲ್ಲಿ ಕರಗಿಹೋಗುತ್ತದೆ, ಯಾರಿಗೂ ತಿಳಿಯುವುದಿಲ್ಲ. ಅದೇ ಎಣ್ಣೆ ಹೀರಿದ ಬಟ್ಟೆಯನ್ನು ಮುದ್ದೆ ಮಾಡಿ ಡಬ್ಬಕ್ಕೆ ತುರುಕಿದಾಗ ಕತೆ ಬೇರೆ. ಬಟ್ಟೆಯ ಎಳೆಗಳ ನಡುವೆ ಗಾಳಿಯಿದೆ. ಕ್ರಿಯೆ ನಡೆಯಲು ಅಷ್ಟು ಸಾಕು. ಆದರೆ ಶಾಖ ಹೊರಹೋಗಲು ದಾರಿಯಿಲ್ಲ. ಶಾಖ ಏರಿದಷ್ಟೂ ಕ್ರಿಯೆ ಚುರುಕಾಗುತ್ತದೆ, ಚುರುಕಾದಷ್ಟೂ ಶಾಖ ಏರುತ್ತದೆ. ಕೆಲವು ಗಂಟೆಗಳಲ್ಲಿ ಮುದ್ದೆಯ ನಡುಭಾಗ ಹೊಗೆಯಾಡತೊಡಗಿ ಹೊತ್ತಿಕೊಳ್ಳಬಹುದು. ಬೆಂಕಿಕಡ್ಡಿ ಬೇಡ, ಕಿಡಿ ಬೇಡ. ಕೆಲಸಗಾರ ಮನೆಗೆ ಹೋಗಿ ಊಟ ಮುಗಿಸಿರುವ ಹೊತ್ತಿಗೆ ಬೆಂಕಿ ಏಳುವುದೇ ಇದರ ವಿಶೇಷ. ಮರುದಿನ ಎಲ್ಲರೂ ಶಾರ್ಟ್ ಸರ್ಕ್ಯೂಟ್ ಎನ್ನುತ್ತಾರೆ.

ಇದು ಪುಸ್ತಕದ ಭಯವಲ್ಲ. ಅಮೆರಿಕದ ಫಿಲಡೆಲ್ಫಿಯಾ ನಗರದಲ್ಲಿ 38 ಅಂತಸ್ತಿನ ಒನ್ ಮೆರಿಡಿಯನ್ ಪ್ಲಾಜಾ ಎಂಬ ಕಟ್ಟಡವಿತ್ತು. 1991ರ ಫೆಬ್ರುವರಿ 23ರ ರಾತ್ರಿ ಅದರ 22ನೇ ಮಹಡಿಯಲ್ಲಿ ಬೆಂಕಿ ಕಾಣಿಸಿತು. ಮರದ ಹಲಗೆಗಳಿಗೆ ಪಾಲಿಷ್ ಮಾಡುತ್ತಿದ್ದ ಕೆಲಸಗಾರರು ಬಿಟ್ಟುಹೋಗಿದ್ದ ಅಗಸೆ ಎಣ್ಣೆಯ ಚಿಂದಿಗಳೇ ಅದರ ಮೂಲವೆಂದು ತನಿಖೆ ಹೇಳಿತು. ಎಂಟು ಮಹಡಿಗಳನ್ನು ನುಂಗಿದ ಬೆಂಕಿ, ತಾನೇ ನೀರು ಚಿಮ್ಮುವ ಸ್ಪ್ರಿಂಕ್ಲರ್‌ಗಳಿದ್ದ 30ನೇ ಮಹಡಿಗೆ ತಲುಪಿದಾಗಲಷ್ಟೇ ನಿಂತಿತು. ಮೂವರು ಅಗ್ನಿಶಾಮಕ ಸಿಬ್ಬಂದಿ ಪ್ರಾಣ ತೆತ್ತರು. ಕಟ್ಟಡ ಮತ್ತೆ ಬಳಕೆಗೆ ಬರಲೇ ಇಲ್ಲ. ಕೊನೆಗೆ ಅದನ್ನು ಕೆಡವಲಾಯಿತು.

ಮನೆಯಲ್ಲಿ ಇದನ್ನು ತಡೆಯುವುದು ಕಷ್ಟವೂ ಅಲ್ಲ, ಖರ್ಚೂ ಅಲ್ಲ. ಕೆಲಸ ಮುಗಿದ ಕೂಡಲೇ, ಮತ್ತೆ ಹೇಳಬೇಕು, ಕೂಡಲೇ, ಅಂಥ ಬಟ್ಟೆಗಳನ್ನು ಒಂದೊಂದಾಗಿ ಬಿಡಿಸಿ ಮನೆಯಿಂದ ದೂರ, ನೆರಳಿನಲ್ಲಿ, ಗಾಳಿಯಾಡುವಂತೆ ಹರಡಬೇಕು. ಒಂದರ ಮೇಲೊಂದು ಬೀಳಬಾರದು. ಹಗ್ಗದ ಮೇಲೆ ಹಾಕಿದರೂ ಮಡಿಕೆ ಇರಬಾರದು. ಒಂದೆರಡು ದಿನಗಳಲ್ಲಿ ಬಟ್ಟೆ ಹಪ್ಪಳದಂತೆ ಸೆಟೆದುಕೊಂಡ ಮೇಲೆ ಅದು ಬಿಸಿಯೇರುವ ಕಾಲ ಕಳೆದಿರುತ್ತದೆ. ಅಂಗಳವೇ ಇಲ್ಲದ ಮನೆಯವರು ಬಿಗಿಮುಚ್ಚಳದ ಲೋಹದ ಡಬ್ಬಿಯಲ್ಲಿ ನೀರು ತುಂಬಿ ಬಟ್ಟೆಯನ್ನು ಪೂರ್ತಿ ಮುಳುಗಿಸಿಡಬೇಕು. ಪ್ಲಾಸ್ಟಿಕ್ ಬಕೆಟ್ಟು ಈ ಕೆಲಸಕ್ಕೆ ಸಲ್ಲದು. ಮಳೆಗಾಲದಲ್ಲಿ ಬಟ್ಟೆ ಸೆಟೆಯಲು ದಿನ ಹಿಡಿಯುವುದರಿಂದ ನೀರಿನ ಡಬ್ಬಿಯೇ ಮೇಲು.

ಅಡುಗೆ ಎಣ್ಣೆಗೂ ಈ ಗುಣ ಸ್ವಲ್ಪಮಟ್ಟಿಗೆ ಉಂಟು. ಸೂರ್ಯಕಾಂತಿ ಎಣ್ಣೆ ಹಿಡಿದ ಬಟ್ಟೆಗಳನ್ನು ಒಗೆದು, ಡ್ರೈಯರ್‌ನಲ್ಲಿ ಬಿಸಿ ಮಾಡಿ, ಆರುವ ಮೊದಲೇ ರಾಶಿ ಹಾಕಿದಾಗ ಹೊತ್ತಿಕೊಂಡ ಪ್ರಸಂಗಗಳು ಹೋಟೆಲು ಮತ್ತು ಮಸಾಜ್ ಕೇಂದ್ರಗಳ ಲಾಂಡ್ರಿಗಳಲ್ಲಿ ಹಲವು ದೇಶಗಳಲ್ಲಿ ನಡೆದಿವೆ. ಬಟ್ಟೆ ಒಣಗಿಸುವ ಯಂತ್ರಗಳು ಬೆಂಗಳೂರಿನ ಅಪಾರ್ಟ್‌ಮೆಂಟುಗಳಿಗೂ ಬಂದಿರುವುದರಿಂದ ಈ ಮಾತು ಹೇಳಬೇಕಾಯಿತು. ಎಣ್ಣೆಯ ಬಟ್ಟೆಗೆ ಬಿಸಿಲಿಗಿಂತ ಒಳ್ಳೆಯ ಡ್ರೈಯರ್ ಇಲ್ಲ.

ನೆಲದ ಮೇಲೆ ಹರಿಯುವ ಆವಿ

ಪೆಟ್ರೋಲು, ಥಿನ್ನರು ಮೆತ್ತಿದ ಚಿಂದಿಯ ಸ್ವಭಾವ ಇನ್ನೊಂದು ಬಗೆ. ಇದು ತಾನೇ ಹೊತ್ತಿಕೊಳ್ಳುವುದಿಲ್ಲ. ಆದರೆ ಕಿಡಿಗಾಗಿ ಕಾದಿರುತ್ತದೆ. ಪೆಟ್ರೋಲು ಸೊನ್ನೆಗಿಂತ 40 ಡಿಗ್ರಿಯಷ್ಟು ಕೆಳಗಿನ ಚಳಿಯಲ್ಲೂ ಹೊತ್ತಬಲ್ಲ ಆವಿಯನ್ನು ಬಿಡುತ್ತದೆ. ಸೀಮೆಎಣ್ಣೆ, ಡೀಸೆಲ್‌ಗಳು ಹಾಗಲ್ಲ. ಅವು ಮೊದಲು ಬೆಚ್ಚಗಾಗಬೇಕು. ಪೆಟ್ರೋಲಿನ ಆವಿ ಗಾಳಿಗಿಂತ ಮೂರು ನಾಲ್ಕು ಪಟ್ಟು ಭಾರ. ಅದು ಮೇಲೇರಿ ಕಿಟಕಿಯಿಂದ ಹೋಗುವುದಿಲ್ಲ. ನೀರಿನಂತೆ ನೆಲದ ಮೇಲೆ ಹರಿದು ತಗ್ಗಿನಲ್ಲಿ ನಿಲ್ಲುತ್ತದೆ.

ಇಂದಿರಾನಗರದ ಬಹುಪಾಲು ಹೊಸ ಕಟ್ಟಡಗಳಲ್ಲಿ ಆ ತಗ್ಗಿನಲ್ಲಿ ಏನೇನಿದೆ ಎಂದು ಓದುಗರು ಒಮ್ಮೆ ಇಳಿದು ನೋಡಬಹುದು. ಕಾರು ನಿಲ್ಲುವ ಜಾಗದಲ್ಲೇ ವಿದ್ಯುತ್ ಮೀಟರುಗಳ ಸಾಲು, ಬಾವಿನೀರಿನ ಪಂಪಿನ ಸ್ವಿಚ್ಚು, ಮೆಟ್ಟಿಲ ಕೆಳಗೆ ಇನ್‌ವರ್ಟರು, ಇತ್ತೀಚೆಗೆ ವಿದ್ಯುತ್ ವಾಹನದ ಚಾರ್ಜರು. ಹಲಸೂರಿನ ಹಳೆಯ ಮನೆಯಲ್ಲಾದರೆ ಪಕ್ಕದಲ್ಲೇ ಬಚ್ಚಲು ಒಲೆ ಇಲ್ಲವೇ ಗ್ಯಾಸ್ ಗೀಸರು. ಕಾರ್ಬ್ಯುರೇಟರ್ ತೊಳೆದ ಬಟ್ಟೆಯೊಂದು ಅಲ್ಲಿ ಮೂಲೆಯಲ್ಲಿದ್ದರೆ ಸಾಕು, ಸ್ವಿಚ್ಚಿನೊಳಗಿನ ಸಣ್ಣ ಕಿಡಿ ಉಳಿದದ್ದನ್ನು ನೋಡಿಕೊಳ್ಳುತ್ತದೆ. ಯೆಜ್ಡಿ, ಜಾವಾದಂಥ ಟೂ ಸ್ಟ್ರೋಕ್ ಗಾಡಿಗಳಲ್ಲಿ ಪೆಟ್ರೋಲಿಗೇ ಆಯಿಲ್ ಬೆರೆಸುವುದರಿಂದ ಚಿಂದಿ ಬರೀ ಎಣ್ಣೆಯದೆಂದು ತೋರುತ್ತದೆ, ಒಳಗೆ ಪೆಟ್ರೋಲೂ ಇರುತ್ತದೆ. ಅಂಥದನ್ನು ಪೆಟ್ರೋಲಿನ ಚಿಂದಿ ಎಂದೇ ಎಣಿಸಬೇಕು. ಪಾಲಿಷ್‌ನವರ ಸ್ಪಿರಿಟ್ ಬಟ್ಟೆಯೂ ಇದೇ ಗುಂಪಿನದು.

ಇವನ್ನೂ ಮೊದಲು ಹೊರಗೆ, ತೆರೆದ ಗಾಳಿಯಲ್ಲಿ, ಒಲೆ ಮತ್ತು ಸಿಗರೇಟಿನಿಂದ ದೂರ ಹರಡಿ ಆವಿಯನ್ನು ಹೋಗಗೊಡಬೇಕು. ಆಮೇಲೆ ಮುಚ್ಚಳವಿರುವ ಲೋಹದ ಡಬ್ಬಿಗೆ. ಹೊರದೇಶದ ಕಾರ್ಯಾಗಾರಗಳಲ್ಲಿ ಇದಕ್ಕೆಂದೇ ಕಾಲಿನಿಂದ ಒತ್ತಿ ತೆರೆಯುವ, ತಾನೇ ಮುಚ್ಚಿಕೊಳ್ಳುವ ಕೆಂಪು ಡಬ್ಬಿಗಳಿವೆ. ನೆಲಕ್ಕೆ ತಾಗದಂತೆ ಅದರ ತಳ ಎತ್ತರವಾಗಿರುತ್ತದೆ. ದಿನದ ಕೊನೆಗೆ ಅದನ್ನು ಖಾಲಿ ಮಾಡುವ ನಿಯಮವಿದೆ. ನಮ್ಮಲ್ಲಿ ಬಿಗಿಮುಚ್ಚಳದ ತಗಡಿನ ಡಬ್ಬಿಯ ಕೆಳಗೆ ಎರಡು ಇಟ್ಟಿಗೆ ಇಟ್ಟರೆ ಹೆಚ್ಚುಕಡಿಮೆ ಅದೇ ಆಯಿತು. ಡಬ್ಬಿಯನ್ನು ಶೆಡ್ಡಿನ ಹೊರಗೇ ಇಡುವುದು ಲೇಸು.

ಜೇಬಿನಲ್ಲಿ ಇಡಬಾರದೇಕೆ?

ಬೆಂಕಿಯ ವಿಷಯದಲ್ಲಿ ಅಷ್ಟೇನೂ ದೋಷಿಯಲ್ಲವೆಂದು ಬಿಟ್ಟ ಎಂಜಿನ್ ಆಯಿಲ್ ಚಿಂದಿಗೆ ಬರೋಣ. ಇದರ ಕೆಡುಕು ಚರ್ಮಕ್ಕೆ, ಅದೂ ನಿಧಾನವಾಗಿ.

ಇಂಗ್ಲೆಂಡಿನ ಲ್ಯಾಂಕಾಶೈರ್‌ನ ಹತ್ತಿ ಗಿರಣಿಗಳಲ್ಲಿ ಮ್ಯೂಲ್ ಎಂಬ ನೂಲುವ ಯಂತ್ರಗಳಿದ್ದವು. ನೂಲುವವರು ದಿನವಿಡೀ ಎಣ್ಣೆ ಸಿಡಿಯುವ ಯಂತ್ರದ ಮೇಲೆ ಬಾಗಿ ಕೆಲಸ ಮಾಡುತ್ತಿದ್ದರು. ಅವರ ಉಡುಪಿನ ಮುಂಭಾಗ ಎಣ್ಣೆಯಲ್ಲಿ ನೆನೆದಿರುತ್ತಿತ್ತು. ವರ್ಷಗಳ ಬಳಿಕ ಅವರಲ್ಲಿ ವೃಷಣಚೀಲದ ಚರ್ಮದ ಕ್ಯಾನ್ಸರ್ ಕಾಣಿಸಿತು. ಮ್ಯಾಂಚೆಸ್ಟರಿನ ವೈದ್ಯರು 1922ರಲ್ಲಿ ಈ ನಂಟನ್ನು ಪ್ರಕಟಿಸಿದರು. ನೂಲುವವರಿಗೆ ಕಾಲಕಾಲಕ್ಕೆ ವೈದ್ಯ ಪರೀಕ್ಷೆ ಕಡ್ಡಾಯ ಮಾಡುವ ನಿಯಮ ಬರಲು 1953 ಆಗಬೇಕಾಯಿತು. ಕೈಗೆ ತಗುಲಿದ ಎಣ್ಣೆಯನ್ನು ಅವರು ತೊಳೆದುಕೊಳ್ಳುತ್ತಿದ್ದರು. ಮೈಗೆ ಅಂಟಿಕೊಂಡಿದ್ದ ಬಟ್ಟೆಯದೇ ತೊಂದರೆ.

ಇಂದಿನ ಎಂಜಿನ್ ಆಯಿಲ್ ಆಗಿನ ಕಚ್ಚಾ ಎಣ್ಣೆಯಂತಲ್ಲ, ಬಹಳ ಶುದ್ಧೀಕರಿಸಿದ್ದು. ಆದರೆ ಎಂಜಿನ್ನಿನೊಳಗೆ ಸಾವಿರಾರು ಕಿಲೋಮೀಟರು ಸುತ್ತಿ ಕಪ್ಪಾಗಿ ಹೊರಬಂದ ಆಯಿಲ್‌ನಲ್ಲಿ ಇಂಧನ ಉರಿದಾಗ ಹುಟ್ಟುವ, ಕ್ಯಾನ್ಸರ್‌ಕಾರಕವೆಂದು ಗುರುತಿಸಲಾದ ರಾಸಾಯನಿಕಗಳು ಸೇರಿರುತ್ತವೆ. ಅಂಥ ಚಿಂದಿಯನ್ನು ಪ್ಯಾಂಟಿನ ಜೇಬಿನಲ್ಲಿ ತುರುಕಿಕೊಂಡು ಓಡಾಡುವುದೆಂದರೆ ತೊಡೆಗೆ ದಿನವಿಡೀ ಎಣ್ಣೆಪಟ್ಟು ಕಟ್ಟಿಕೊಂಡಂತೆ. ಕ್ಯಾನ್ಸರಿನ ಮಾತು ದೂರದ್ದೆಂದರೂ ತೊಡೆ, ಮುಂಗೈಗಳಲ್ಲಿ ಎದ್ದೇಳುವ ಎಣ್ಣೆಗುಳ್ಳೆ, ಉರಿ, ಒರಟು ಚರ್ಮ ಮೆಕ್ಯಾನಿಕ್‌ಗಳಿಗೆ ಹತ್ತಿರದ ಅನುಭವ. ಪೆಟ್ರೋಲಿನಲ್ಲಿ ಕೈ ತೊಳೆಯುವ ರೂಢಿ ಅದನ್ನು ಇನ್ನಷ್ಟು ಕೆಡಿಸುತ್ತದೆ, ಚರ್ಮದ ಸ್ವಂತ ಜಿಡ್ಡನ್ನೂ ಅದು ಎಳೆದುಕೊಳ್ಳುವುದರಿಂದ. ಕೈಗೆ ಮೊದಲು ಸ್ವಲ್ಪ ಕೊಬ್ಬರಿ ಎಣ್ಣೆ ತಿಕ್ಕಿ, ಮರದ ಹೊಟ್ಟಿನಿಂದ ಉಜ್ಜಿ, ಆಮೇಲೆ ಸೋಪು ಹಾಕಿದರೆ ಗ್ರೀಸು ಸುಲಭವಾಗಿ ಬಿಡುತ್ತದೆ.

ಕಾಣದ ಪುಡಿ

ಎಲ್ಲಕ್ಕಿಂತ ಹೆಚ್ಚು ಯೋಚಿಸಬೇಕಾದ್ದು ಕಣ್ಣಿಗೆ ಕಾಣದ ಕೊಳೆಯ ಬಗ್ಗೆ. ಬ್ಯಾಟರಿಯ ತುದಿಗಳನ್ನು ಉಜ್ಜಿದಾಗ, ಸೀಸದ ಬೆಸುಗೆ ಹಾಕಿದಾಗ, ಹಳೆಯ ಬಣ್ಣವನ್ನು ಉಪ್ಪುಕಾಗದದಿಂದ ತಿಕ್ಕಿದಾಗ ಸೀಸದ ಸಣ್ಣ ಪುಡಿ ಅಂಗಿಯ ಮೇಲೆ ಕೂರುತ್ತದೆ. ಅದಕ್ಕೆ ವಾಸನೆಯಿಲ್ಲ, ಕಲೆಯಿಲ್ಲ. ಅದೇ ಅಂಗಿಯಲ್ಲಿ ತಂದೆ ಮಗುವನ್ನು ಎತ್ತಿಕೊಳ್ಳುತ್ತಾನೆ; ಮಗು ಅಂಗಿ ಹಿಡಿದ ಕೈಯನ್ನು ಬಾಯಿಗೆ ಇಟ್ಟುಕೊಳ್ಳುತ್ತದೆ. ದೊಡ್ಡವರಿಗಿಂತ ಚಿಕ್ಕ ಮಕ್ಕಳ ದೇಹ ಸೀಸವನ್ನು ಹೆಚ್ಚು ಹೀರಿಕೊಳ್ಳುತ್ತದೆ, ಬೆಳೆಯುತ್ತಿರುವ ಮೆದುಳಿಗೆ ಅದು ಮಾಡುವ ಹಾನಿ ಹಿಂದಿರುಗುವಂಥದ್ದಲ್ಲ. ಮಕ್ಕಳಿಗೆ ಇಷ್ಟರವರೆಗೆ ಸುರಕ್ಷಿತ ಎನ್ನುವ ಸೀಸದ ಪ್ರಮಾಣ ಯಾವುದೂ ಗೊತ್ತಿಲ್ಲವೆಂಬುದು ವಿಶ್ವ ಆರೋಗ್ಯ ಸಂಸ್ಥೆಯ ನಿಲುವು.

ಭಾರತದಲ್ಲಿ ಸೀಸದ ವಿಷಬಾಧೆಯ ಕುರಿತ ಅರಿವಿಗೂ ಬೆಂಗಳೂರಿಗೂ ಹಳೆಯ ನಂಟಿದೆ. ಕೋರಮಂಗಲದ ಸೇಂಟ್ ಜಾನ್ಸ್ ವೈದ್ಯಕೀಯ ಕಾಲೇಜಿನಲ್ಲಿ ಡಾ. ತುಪ್ಪಿಲ್ ವೆಂಕಟೇಶ್ ಅವರು ರಕ್ತದಲ್ಲಿನ ಸೀಸವನ್ನು ಅಳೆಯುವ ಕೆಲಸವನ್ನು ಮುನ್ನಡೆಸಿದರು. ಸೀಸದ ವಿಷಬಾಧೆಗೆ ಸಂಬಂಧಿಸಿದ ರಾಷ್ಟ್ರೀಯ ಉಲ್ಲೇಖ ಕೇಂದ್ರ ಅಲ್ಲಿ ರೂಪುಗೊಂಡಿತು. 2000ದಲ್ಲಿ ದೇಶದ ಪೆಟ್ರೋಲಿನಿಂದ ಸೀಸ ಹೊರಹೋಯಿತು. ಬ್ಯಾಟರಿಯಿಂದ ಹೋಗಿಲ್ಲ.

ಬ್ರೇಕ್ ಲೈನಿಂಗಿನ ಪುಡಿಯೂ ಹೀಗೆಯೇ. ಹಳೆಯ ವಾಹನಗಳ ಲೈನಿಂಗುಗಳಲ್ಲಿ ಕಲ್ನಾರು ಇರುವ ಸಾಧ್ಯತೆ ಉಂಟು; ಅದರ ಎಳೆಗಳು ಶ್ವಾಸಕೋಶಕ್ಕೆ ಸೇರಿದರೆ ದಶಕಗಳ ನಂತರ ರೋಗವಾಗಿ ಕಾಣುತ್ತವೆ. ಡ್ರಮ್ಮಿನ ಪುಡಿಯನ್ನು ಗಾಳಿ ಹೊಡೆದು ಹಾರಿಸುವುದು, ಅದು ಕೂತ ಅಂಗಿಯನ್ನು ಅಂಗಳದಲ್ಲಿ ಒದರುವುದು, ಎರಡೂ ತಪ್ಪು. ಒದ್ದೆ ಬಟ್ಟೆಯಿಂದ ಒರೆಸಿ, ಒದ್ದೆಯಿರುವಾಗಲೇ ಆ ಬಟ್ಟೆಯನ್ನು ಚೀಲದಲ್ಲಿ ಕಟ್ಟಿ ಬಿಸಾಡಬೇಕು. ಆ ಬಟ್ಟೆಯನ್ನು ಒಗೆದು ಮತ್ತೆ ಬಳಸುವ ಉಳಿತಾಯ ಬೇಡ.

ಉಡುಪಿನ ವಿಷಯದಲ್ಲಿ ಉಪಾಯ ಒಂದೇ: ಶೆಡ್ಡಿನ ಬಟ್ಟೆ ಶೆಡ್ಡಿನಲ್ಲೇ. ಬಾಗಿಲ ಹಿಂದೆ ಎರಡು ಗೂಟ, ಒಂದು ಹಳೆಯ ಖಾಕಿ ಅಂಗಿ ಅಥವಾ ಬಾಯ್ಲರ್ ಸೂಟು, ಒಂದು ಜೊತೆ ಚಪ್ಪಲಿ. ಒಳಗೆ ಬರುವ ಮುನ್ನ ಕಳಚಿ, ಕೈಮುಖ ತೊಳೆದು ಬರುವುದು. ಹೊರಗಿನ ಚಪ್ಪಲಿಯನ್ನು ಹೊಸ್ತಿಲಾಚೆ ಬಿಡುವುದು ನಮ್ಮ ಮನೆಗಳಲ್ಲಿ ಯಾರೂ ಹೇಳಿಕೊಡಬೇಕಾಗಿಲ್ಲ. ಅಂಗಿಗೂ ಅದನ್ನೇ ಅನ್ವಯಿಸಿದರಾಯಿತು.

ಒಗೆತದ ರಸಾಯನ

ಹಿಂದೆ ಮಡಿವಾಳರು ಚೌಳು ಮಣ್ಣು ಹಾಕಿ, ಭಟ್ಟಿಯಲ್ಲಿ ಹಬೆಗೆ ಇಟ್ಟು ಬಟ್ಟೆಯ ಜಿಡ್ಡು ತೆಗೆಯುತ್ತಿದ್ದರು. ಚೌಳಿನ ಕ್ಷಾರ ಬಿಸಿಯಲ್ಲಿ ಸಸ್ಯದ ಎಣ್ಣೆ, ತುಪ್ಪ, ಬೆವರಿನ ಜಿಡ್ಡಿನೊಡನೆ ಕೂಡಿ ಸೋಪಾಗುತ್ತದೆ, ನೀರಿನಲ್ಲಿ ಹೋಗುತ್ತದೆ. ವಾಷಿಂಗ್ ಸೋಡಾ ಮಾಡುವುದೂ ಅದನ್ನೇ. ಆದರೆ ಖನಿಜತೈಲ ಕ್ಷಾರದೊಡನೆ ಸೋಪಾಗುವುದಿಲ್ಲ. ಅಡುಗೆಮನೆಯ ಮಸಿಬಟ್ಟೆಯನ್ನು ಬೆಳ್ಳಗೆ ಮಾಡುವ ಸೋಡಾ ಎಂಜಿನ್ ಆಯಿಲ್ ಮುಂದೆ ಸೋಲುವುದು ಇದಕ್ಕಾಗಿ. ಖನಿಜತೈಲವನ್ನು ಸಣ್ಣ ಹನಿಗಳಾಗಿ ಒಡೆದು ನೀರಿಗೆ ಒಪ್ಪಿಸಲು ಡಿಟರ್ಜೆಂಟು ಬೇಕು. ಪಾತ್ರೆ ತೊಳೆಯುವ ದ್ರವ ಇದಕ್ಕೆ ಚೆನ್ನಾಗಿ ಒದಗುತ್ತದೆ. ಕಲೆಯ ಮೇಲೆ ನೀರು ಹಾಕುವ ಮೊದಲೇ ಅದನ್ನು ಹಚ್ಚಿ ಅರ್ಧ ಗಂಟೆ ಬಿಟ್ಟು, ಬಟ್ಟೆ ತಡೆಯುವಷ್ಟು ಬಿಸಿನೀರಿನಲ್ಲಿ ತಿಕ್ಕಬೇಕು.

ಕೆ.ಆರ್. ಪುರ, ಮಹದೇವಪುರದ ಕಡೆಯವರಿಗೆ ಇನ್ನೊಂದು ತೊಡಕು ಗೊತ್ತಿದೆ. ಕೊಳವೆಬಾವಿಯ ಗಡಸು ನೀರಿನಲ್ಲಿ ಬಾರ್ ಸೋಪು ನೊರೆಗಟ್ಟುವ ಬದಲು ಬೂದು ಕೆನೆಯಾಗಿ ಬಟ್ಟೆಗೇ ಮೆತ್ತುತ್ತದೆ, ಎಣ್ಣೆಯನ್ನೂ ಹಿಡಿದಿಟ್ಟುಕೊಳ್ಳುತ್ತದೆ. 2024ರ ಅಕ್ಟೋಬರಿನಲ್ಲಿ ಕಾವೇರಿ ಐದನೇ ಹಂತ ಉದ್ಘಾಟನೆಯಾಗಿ 110 ಹಳ್ಳಿಗಳ ಪ್ರದೇಶಕ್ಕೆ ನದಿನೀರಿನ ದಾರಿ ತೆರೆದರೂ ಕೊಳವೆಬಾವಿಯನ್ನೇ ನಂಬಿದ ಮನೆಗಳು ಉಳಿದಿವೆ. ಅಂಥಲ್ಲಿ ಸೋಪಿಗಿಂತ ಡಿಟರ್ಜೆಂಟು ಪುಡಿಯೇ ಸರಿ.

ಬ್ಯಾಟರಿಯ ಆಸಿಡ್ ಬಿದ್ದ ಪ್ಯಾಂಟು ಆ ದಿನ ಚೆನ್ನಾಗಿಯೇ ಇರುತ್ತದೆ. ಒಗೆದ ಮೇಲೆ ತೂತು ಬೀಳುತ್ತದೆ. ನೀರು ಆರಿದಷ್ಟೂ ಆಸಿಡ್ ಗಟ್ಟಿಯಾಗಿ ಹತ್ತಿಯ ಎಳೆಯನ್ನು ಕೊರೆಯುವುದರಿಂದ ಹಾಗಾಗುತ್ತದೆ. ಬಿದ್ದ ಕ್ಷಣವೇ ಧಾರಾಳ ನೀರು ಹಾಕಿ, ಅಡುಗೆ ಸೋಡಾ ಕದಡಿದ ನೀರಿನಲ್ಲಿ ಅದ್ದಿದರೆ ಪ್ಯಾಂಟು ಉಳಿಯುತ್ತದೆ.

ವಾಷಿಂಗ್ ಮೆಷೀನಿಗೆ ಹಾಕಬಹುದೇ? ಎಂಜಿನ್ ಆಯಿಲ್ ಕಲೆಯ ಅಂಗಿಯನ್ನು ಮೊದಲು ಕೈಯಲ್ಲಿ ತಿಕ್ಕಿ, ಬೇರೆ ಬಟ್ಟೆ ಸೇರಿಸದೆ ಹಾಕಬಹುದು. ಆಮೇಲೊಮ್ಮೆ ಮೆಷೀನನ್ನು ಬಿಸಿನೀರು ಮತ್ತು ಡಿಟರ್ಜೆಂಟಿನಲ್ಲಿ ಖಾಲಿ ಓಡಿಸಬೇಕು. ಪೆಟ್ರೋಲು, ಥಿನ್ನರಿನ ವಾಸನೆ ಇನ್ನೂ ಇರುವ ಯಾವ ಬಟ್ಟೆಯನ್ನೂ ಹಾಕಲೇಬಾರದು. ಮುಚ್ಚಿದ ಪೀಪಾಯಿಯೊಳಗೆ ಆವಿ ತುಂಬಿಕೊಂಡಿರುವಾಗ ಪಕ್ಕದಲ್ಲೇ ವಿದ್ಯುತ್ ಮೋಟಾರು ಮತ್ತು ಹೀಟರು ಕೆಲಸ ಮಾಡುತ್ತಿರುತ್ತವೆ. ಮೆಷೀನಿನ ಜೊತೆ ಬರುವ ಕೈಪಿಡಿಗಳಲ್ಲಿ ಈ ಎಚ್ಚರಿಕೆ ಇದ್ದೇ ಇರುತ್ತದೆ, ಓದುವವರು ಕಡಿಮೆ. ಒಮ್ಮೆ ಒಗೆದ ಮೇಲೂ ವಾಸನೆ ಉಳಿದಿದ್ದರೆ ಅದನ್ನು ಬೀದಿಯ ಇಸ್ತ್ರಿ ಗಾಡಿಗೆ ಕೊಡಬಾರದು. ಆ ಗಾಡಿಯ ಪೆಟ್ಟಿಗೆಯಲ್ಲಿರುವುದು ಕೆಂಡ. ಲಾಂಡ್ರಿಗೆ ಕೊಡುವಾಗಲೂ ಬಟ್ಟೆಗೆ ಏನು ತಗುಲಿದೆ ಎಂದು ಹೇಳಿಯೇ ಕೊಡಬೇಕು; ಅವರ ಕೈಗೂ ಚರ್ಮವಿದೆ.

ತೊಳೆದ ನೀರು ಎಲ್ಲಿಗೆ ಹೋಗುತ್ತದೆ ಎಂಬುದನ್ನೂ ನೋಡಬೇಕು. ಶಿವಾಜಿನಗರ, ಹಲಸೂರು, ಇಂದಿರಾನಗರಗಳ ಮೋರಿಗಳ ಇಳಿಜಾರು ಚಲ್ಲಘಟ್ಟ ಕಣಿವೆಯ ಮೂಲಕ ಬೆಳ್ಳಂದೂರು ಕೆರೆಯ ಕಡೆಗೆ. 2017ರ ಫೆಬ್ರುವರಿಯಲ್ಲಿ, ಮತ್ತೆ 2018ರ ಜನವರಿಯಲ್ಲಿ ಆ ಕೆರೆಯ ಅಂಗಳದಲ್ಲಿ ಬೆಂಕಿ ಎದ್ದುದನ್ನು ರಾಜ್ಯವೇ ನೋಡಿದೆ. ಅದಕ್ಕೆ ಕೊಳಚೆ, ಕಸ, ಒಣಹುಲ್ಲು ಎಂದು ನೂರೆಂಟು ಕಾರಣಗಳಿದ್ದವು, ಗ್ಯಾರೇಜಿನ ಚಿಂದಿಯೊಂದೇ ಅಲ್ಲ. ಆದರೂ ಎಣ್ಣೆ ನೆನೆಸಿದ ಮೊದಲ ನೀರನ್ನು ಮಳೆನೀರಿನ ಮೋರಿಗೆ ಚೆಲ್ಲುವುದಕ್ಕಿಂತ, ಎಣ್ಣೆಯನ್ನು ಹಳೆಯ ಪತ್ರಿಕೆಯಿಂದ ಒತ್ತಿ ತೆಗೆದು ಆಮೇಲೆ ಒಗೆಯುವುದು ಮೇಲು. ಪತ್ರಿಕೆಯ ಕಾಗದಕ್ಕೆ ಇಂಥ ಉಪಯೋಗವೂ ಇದೆಯೆಂದು ಸಂತೋಷಪಡಬಹುದು.

ಕೊನೆಗೆ ಯಾರಿಗೆ ಕೊಡುವುದು?

ಹಳೆಯ ಎಂಜಿನ್ ಆಯಿಲ್‌ಗೆ ಬೆಲೆಯಿದೆ, ಕೊಳ್ಳುವವರಿದ್ದಾರೆ. ಅದನ್ನು ಮರುಸಂಸ್ಕರಿಸುವ ಹೊಣೆಯನ್ನು ತಯಾರಕರ ಮೇಲೂ ಹೊರಿಸುವ ನಿಯಮ 2024ರ ಏಪ್ರಿಲ್ 1ರಿಂದ ಜಾರಿಗೆ ಬಂದಿದೆ. ಚಿಂದಿಗೆ ಮಾತ್ರ ದಿಕ್ಕಿಲ್ಲ. 2016ರ ಅಪಾಯಕಾರಿ ತ್ಯಾಜ್ಯ ನಿಯಮಗಳ ಮೊದಲ ಅನುಸೂಚಿಯಲ್ಲಿ ‘ಮಲಿನಗೊಂಡ ಹತ್ತಿ ಚಿಂದಿ ಮತ್ತಿತರ ಒರೆಸುವ ವಸ್ತು’ಗಳಿಗೆ 33.2 ಎಂಬ ಪ್ರತ್ಯೇಕ ಸಂಖ್ಯೆಯೇ ಇದೆ. ಅಂದರೆ ಕಾರ್ಖಾನೆಯೊಂದು ಇದನ್ನು ಕಸದ ತೊಟ್ಟಿಗೆ ಎಸೆಯುವಂತಿಲ್ಲ. ಅನುಮತಿ ಪಡೆದವರಿಗೆ ಲೆಕ್ಕವಿಟ್ಟು ಒಪ್ಪಿಸಬೇಕು. ಅದೇ ಚಿಂದಿ ಮನೆಯಿಂದ ಹೊರಟರೆ ಹೇಳುವವರಿಲ್ಲ. ಹಸಿ, ಒಣ, ತಿರಸ್ಕೃತ ಎಂದು ಮೂರು ಪಾಲು ಮಾಡುವ ಪದ್ಧತಿ 2015ರ ಡಿಸೆಂಬರಿನ ಹೈಕೋರ್ಟ್ ಆದೇಶದಿಂದ ಬೆಂಗಳೂರಿಗೆ ಬಂತು. ಆಗಿದ್ದ ಬಿಬಿಎಂಪಿಯ ಸ್ಥಾನದಲ್ಲಿ 2025ರಲ್ಲಿ ಐದು ಪಾಲಿಕೆಗಳಾದವು. ಎಣ್ಣೆಯ ಚಿಂದಿ ಈ ಮೂರರಲ್ಲಿ ಯಾವುದಕ್ಕೂ ಸರಿಯಾಗಿ ಹೊಂದುವುದಿಲ್ಲ. ಹಸಿಕಸಕ್ಕೆ ಹಾಕಿದರೆ ಗೊಬ್ಬರ ಕೆಡುತ್ತದೆ, ಒಣಕಸಕ್ಕೆ ಹಾಕಿದರೆ ಒಳ್ಳೆಯ ಕಾಗದವೆಲ್ಲ ಜಿಡ್ಡಾಗುತ್ತದೆ. ಬಣ್ಣದ ಡಬ್ಬಿ, ಹಳೆಯ ಬ್ಯಾಟರಿಗಳಂಥ ಗೃಹ ಅಪಾಯಕಾರಿ ತ್ಯಾಜ್ಯದ ಜೊತೆಗಿಡುವುದೇ ಇದ್ದುದರಲ್ಲಿ ಸರಿಯಾದ ದಾರಿ.

ಸುಡುವುದು ಬೇಡ. ಮಾಗಿಯ ಬೆಳಗಿನಲ್ಲಿ ಗ್ಯಾರೇಜಿನ ಮುಂದೆ ಎಣ್ಣೆಚಿಂದಿ ಉರಿಸಿ ಚಳಿ ಕಾಯಿಸುವ ನೋಟ ಹಳೆಯದಾದರೂ ಆ ಹೊಗೆಯಲ್ಲಿ ಎಣ್ಣೆಯೊಳಗಿನ ಲೋಹಗಳೂ ಇರುತ್ತವೆ. ತೆರೆದ ಜಾಗದಲ್ಲಿ ಕಸ ಸುಟ್ಟವರಿಗೆ 5,000 ರೂಪಾಯಿ ದಂಡವೆಂದು ರಾಷ್ಟ್ರೀಯ ಹಸಿರು ನ್ಯಾಯಮಂಡಳಿ 2016ರ ಡಿಸೆಂಬರಿನಲ್ಲೇ ಹೇಳಿದೆ.

ಪ್ರಾಯೋಗಿಕವಾಗಿ ಸುಲಭವಾದ ಹಾದಿಯೊಂದಿದೆ. ಅಧಿಕೃತ ವಾಹನ ಸರ್ವಿಸ್ ಕೇಂದ್ರಗಳು ತಮ್ಮ ಎಣ್ಣೆ ಮತ್ತು ಚಿಂದಿಯನ್ನು ಅನುಮತಿ ಪಡೆದ ಸಂಸ್ಥೆಗಳಿಗೆ ಒಪ್ಪಿಸಬೇಕಾಗಿದೆ. ಕಾರನ್ನು ಸರ್ವಿಸಿಗೆ ಬಿಡುವ ದಿನ ಮನೆಯ ಡಬ್ಬಿಯನ್ನೂ ಒಯ್ದು, ಇದನ್ನೂ ಸೇರಿಸಿಕೊಳ್ಳುತ್ತೀರಾ ಎಂದು ಕೇಳಿದರೆ ಒಪ್ಪುವವರು ಸಿಗಬಹುದು. ಒಪ್ಪದಿದ್ದರೆ, ಆವಿ ಹೋಗಿ ಒಣಗಿದ ಚಿಂದಿಯನ್ನು ಪ್ರತ್ಯೇಕ ಚೀಲದಲ್ಲಿ ಕಟ್ಟಿ, ಮೇಲೆ ‘ಎಣ್ಣೆ ಬಟ್ಟೆ’ ಎಂದು ದಪ್ಪಕ್ಷರದಲ್ಲಿ ಬರೆದು, ಕಸದ ಆಟೋದ ಪೌರಕಾರ್ಮಿಕರ ಕೈಗೆ ಹೇಳಿ ಕೊಡಬೇಕು. ಅಗಸೆ ಎಣ್ಣೆಯದಾದರೆ ಅದು ಹಪ್ಪಳದಂತೆ ಸೆಟೆಯುವ ತನಕ ಆಟೋ ಹತ್ತಬಾರದು.